ಪರದೆಯ ಮೇಲಿನ ವೈದ್ಯರು, ಊರಿನಲ್ಲಿರುವ ರೋಗಿ

ಮಾದಾಪುರದ ಸೈಬರ್ ಟವರ್ಸ್ ಕಟ್ಟಡ ಉದ್ಘಾಟನೆಯಾದದ್ದು 1998ರಲ್ಲಿ. 2000ದ ಮಾರ್ಚಿ 24ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ನರು ಹೈದರಾಬಾದಿಗೆ ಬಂದಿದ್ದಾಗ, ಚಿತ್ತೂರು ಜಿಲ್ಲೆಯ ಅರಗೊಂಡ ಗ್ರಾಮದ ಆಸ್ಪತ್ರೆಯ ದೂರವೈದ್ಯ ಸೇವೆಗೆ ಚಾಲನೆ ಕೊಟ್ಟರು. ಅಂದು ಆ ಕೆಲಸಕ್ಕೆ ಉಪಗ್ರಹ ಬೇಕಾಗಿತ್ತು. ಇಂದು ಕಿಸೆಯ ಮೊಬೈಲು ಸಾಕು. ಮಗ ಮಾದಾಪುರದ ಕಛೇರಿಯಲ್ಲಿ, ತಾಯಿ ರಾಯಚೂರಿನ ಕಡೆಯ ಹಳ್ಳಿಯಲ್ಲಿ, ವೈದ್ಯರು ಇನ್ನೆಲ್ಲೋ. ಮೂವರೂ ಒಂದೇ ಪರದೆಯಲ್ಲಿ ಕೂಡುತ್ತಾರೆ. ಅನುಕೂಲವೇನೋ ದೊಡ್ಡದು. ಆದರೆ ಊರಿನ ಡಾಕ್ಟರನ್ನು ನಂಬಲು ನಮಗಿದ್ದ ಆಧಾರಗಳು, ಅಂದರೆ ಬಾಗಿಲ ಮೇಲಿನ ಹೆಸರು ಹಲಗೆ, ನಾಡಿ ಹಿಡಿದ ಕೈ, ಹೊರಗೆ ಕಾದು ಕುಳಿತ ನೆರೆಯವರ ಮಾತು, ಇವು ಯಾವುವೂ ಇಲ್ಲಿಲ್ಲ. ಅವುಗಳ ಸ್ಥಾನಕ್ಕೆ ಏನು ಬರಬೇಕು?

ಮೊದಲನೆಯದು, ವೈದ್ಯರ ಗುರುತು. 2020ರ ಮಾರ್ಚಿ 25ರಂದು ಭಾರತ ಸರ್ಕಾರ ಹೊರಡಿಸಿದ ದೂರವೈದ್ಯ ಮಾರ್ಗಸೂಚಿಯ ಪ್ರಕಾರ, ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧ ಚೀಟಿಯಲ್ಲಿಯೂ ಶುಲ್ಕದ ರಸೀದಿಯಲ್ಲಿಯೂ ಕಾಣಿಸಬೇಕು. ಅದನ್ನು ಕೇಳುವುದು ಅವಿನಯವಲ್ಲ. ಮುಟ್ಟಿ ಪರೀಕ್ಷಿಸದೆ ಹೇಳಲಾಗದು ಎಂದು ವೈದ್ಯರಿಗೆ ತೋರಿದರೆ, ಆಸ್ಪತ್ರೆಗೆ ಬನ್ನಿ ಎನ್ನುವುದೇ ಅವರ ಕರ್ತವ್ಯ. ಯಂತ್ರಬುದ್ಧಿ ವೈದ್ಯರಿಗೆ ನೆರವಾಗಬಹುದೇ ಹೊರತು ತಾನೇ ರೋಗಿಗೆ ಔಷಧ ಬರೆಯುವಂತಿಲ್ಲ. ನಿದ್ರೆಯ ಗುಳಿಗೆಯನ್ನೋ ಅಮಲಿನ ಔಷಧವನ್ನೋ ಫೋನಿನಲ್ಲೇ ಬರೆದುಕೊಡಿ ಎಂದು ಒತ್ತಾಯಿಸುವವರು, ಅಂಥ ಕೆಲವು ಔಷಧಗಳಿಗೆ ಇಲ್ಲಿ ನಿಷೇಧವಿದೆ ಎಂಬುದನ್ನು ತಿಳಿದಿರಬೇಕು.

ಎರಡನೆಯದು ಹೆಚ್ಚು ಸೂಕ್ಷ್ಮ, ಅದರ ಹೊಣೆಯೂ ಬಹುಪಾಲು ನಮ್ಮದೇ. ವೈದ್ಯರು ತೆಲುಗಿನಲ್ಲಿ ಕೇಳುತ್ತಾರೆ, ತಾಯಿ ಕನ್ನಡದಲ್ಲಿ ಹೇಳುತ್ತಾಳೆ, ನಡುವೆ ಮಗ ದುಭಾಷಿ. "ಎದಿ ಹಿಡ್ದಂಗ ಆಗ್ತದ" ಎಂದು ತಾಯಿ ಅಂದದ್ದು, ಮಗನ ಬಾಯಲ್ಲಿ "ಗ್ಯಾಸ್ ಇರಬೇಕು ಡಾಕ್ಟರೇ" ಆಗಿಬಿಟ್ಟರೆ ವೈದ್ಯರ ವಿದ್ಯೆಯೆಲ್ಲ ದಾರಿ ತಪ್ಪುತ್ತದೆ. ದುಭಾಷಿಯ ಕೆಲಸ ರೋಗನಿರ್ಣಯವಲ್ಲ. ಅಂದ ಮಾತನ್ನು ಅಂದಂತೆಯೇ ದಾಟಿಸುವುದು. ಮಗನೆದುರು ತಾಯಿ ಬಾಯಿಬಿಡದ ಸಂಗತಿಗಳೂ ಇರುತ್ತವೆ. ಆಗ ಮಗಳೋ ಸೊಸೆಯೋ ಫೋನು ಹಿಡಿಯಲಿ, ಇಲ್ಲವೇ ಕನ್ನಡ ಬಲ್ಲ ವೈದ್ಯರನ್ನು ಹುಡುಕಲಿ. ಇನ್ನು ದೊಡ್ಡ ಕಾಯಿಲೆಯೆಂದು ತಿಳಿದಾಗ "ಅಮ್ಮನಿಗೆ ಹೇಳಬೇಡಿ" ಎಂದು ವೈದ್ಯರಿಗೆ ಸಂದೇಶ ಕಳುಹಿಸುವ ಪದ್ಧತಿ ಉಂಟು. ಅದು ಮಮತೆಯಿಂದ ಬಂದದ್ದು, ನಿಜ. ಆದರೂ ದೇಹ ಅವಳದು. ಎಷ್ಟು ತಿಳಿಯಬೇಕೆಂದು ಅವಳನ್ನೇ ಕೇಳಬೇಕಲ್ಲದೆ ಅವಳ ಬೆನ್ನ ಹಿಂದೆ ತೀರ್ಮಾನಿಸಬಾರದು ಎಂಬುದು ನಮ್ಮ ಅಭಿಪ್ರಾಯ.

ಒಪ್ಪಿಗೆಯ ವಿಷಯವೂ ಹೀಗೆಯೇ. 2021ರ ಸೆಪ್ಟೆಂಬರಿನಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನಲ್ಲಿ 14 ಅಂಕಿಗಳ 'ಆಭಾ' ಸಂಖ್ಯೆ ಸಿಗುತ್ತದೆ. ಅದನ್ನು ಪಡೆಯುವುದು ಐಚ್ಛಿಕ. ದಾಖಲೆ ನೋಡಲು ರೋಗಿ ಒಪ್ಪಿಗೆ ಕೊಡಬೇಕು, ಕೊಟ್ಟದ್ದನ್ನು ಹಿಂತೆಗೆದುಕೊಳ್ಳಲೂಬಹುದು. ವ್ಯವಸ್ಥೆ ಚೆನ್ನಾಗಿದೆ. ಆದರೆ ಅನೇಕ ಮನೆಗಳಲ್ಲಿ ತಾಯಿಯ ಹೆಸರಿಗೆ ಜೋಡಿಸಿರುವುದು ಮಗನ ಮೊಬೈಲು. ಓಟಿಪಿ ಬರುವುದು ಅವನಿಗೆ, ಒತ್ತುವವನೂ ಅವನೇ. ಒತ್ತುವ ಮುಂಚೆ ಊರಿಗೆ ಒಂದು ಕರೆ ಮಾಡಿ, "ಅವ್ವಾ, ನಿನ್ನ ಕಾಗದ ಇಂಥವರು ನೋಡ್ತಾರಂತ, ತೋರಿಸಲೇನು?" ಎಂದು ಕೇಳಲು ಎಷ್ಟು ಹೊತ್ತು ಬೇಕು?

ದಾಖಲೆ ಕೇಳಿ ಪಡೆಯುವ ಹಕ್ಕು ಹೊಸದೇನಲ್ಲ. 2002ರ ವೈದ್ಯ ನೀತಿ ನಿಯಮಗಳಂತೆ, ರೋಗಿ ಕೇಳಿದ 72 ಗಂಟೆಗಳೊಳಗೆ ಆಸ್ಪತ್ರೆಯ ದಾಖಲೆ ಕೊಡಬೇಕು. ಹಾಗೆ ಬಂದ ಕಾಗದದ ಒಂದು ಪ್ರತಿ ತಾಯಿಯ ಟ್ರಂಕಿನಲ್ಲಿ ಹಳೆಯ ಚೀಟಿಗಳ ಜೊತೆ ಇರಲಿ. ನಾಳೆ ಊರಿನ ಡಾಕ್ಟರು ಕೇಳಿದ ಹೊತ್ತಿಗೆ ಮಗನ ಫೋನು ಸಿಗದೆ ಹೋಗಬಹುದು.