ಮಾಸ್ಟ್ ಹೊಸದು, ರೆಕ್ಕೆ ಹಳೇದು

ನೆದರ್ಲೆಂಡ್ಸ್‌ನಲ್ಲಿ ಸಂಬಳದಾರರ ಕೈ ಮೇ ತಿಂಗಳಲ್ಲಿ ಸ್ವಲ್ಪ ಸಡಿಲ. ವರ್ಷದ ಸಂಬಳದ ಕನಿಷ್ಠ ಶೇ 8ರಷ್ಟು ಹಣ ರಜೆ ಭತ್ಯೆಯಾಗಿ ಸಾಮಾನ್ಯವಾಗಿ ಆ ತಿಂಗಳೇ ಖಾತೆಗೆ ಬೀಳುತ್ತದೆ. ಆಮ್‌ಸ್ಟೆಲ್‌ವೇನ್‌ನ ನಮ್ಮಂಥ ಮನೆಗಳಲ್ಲಿ ಅದು ಊರಿಗೆ ಹೋಗುವ ವಿಮಾನದ ಟಿಕೆಟ್‌ನಲ್ಲೇ ಕರಗುವುದು ಹೆಚ್ಚು. ನಮ್ಮಲ್ಲಿ ಒಂದು ಪಾಲು ಅಕ್ಷರಶಃ ನೀರಿಗೆ ಬಿತ್ತು: ವಿಂಗ್ ಫಾಯಿಲಿಂಗ್‌ಗೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗಾಳಿ ತುಂಬಿದ ವಿಂಗನ್ನು ಕೈಯಲ್ಲಿ ಹಿಡಿದು ಬೋರ್ಡ್ ಮೇಲೆ ನಿಲ್ಲಬೇಕು. ಬೋರ್ಡಿನ ಅಡಿಯಲ್ಲಿ ಒಂದು ಕಂಬ, ಅದೇ ಮಾಸ್ಟ್. ಅದರ ತುದಿಯಲ್ಲಿ ಫ್ಯೂಸಲಾಜ್ ಎಂಬ ಉದ್ದ ದಂಡ. ದಂಡದ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಪುಟ್ಟ ರೆಕ್ಕೆ. ವೇಗ ಸಿಕ್ಕಿದ ಕೂಡಲೇ ನೀರೊಳಗಿನ ರೆಕ್ಕೆ ಬೋರ್ಡನ್ನೂ ನಿಂತವರನ್ನೂ ಮೇಲಕ್ಕೆತ್ತುತ್ತದೆ. ಈ ನಾಲ್ಕೂ ಸೇರಿದ್ದು ಫಾಯಿಲ್. ಜೇಬಿಗೆ ದೊಡ್ಡ ಹೊಡೆತ ಇರುವುದೂ ಇದರಲ್ಲೇ.

ನಾನು ವಿಚಾರಿಸುವಾಗ ಅಲ್ಯೂಮಿನಿಯಂ ಮಾಸ್ಟಿನ ಪೂರ್ತಿ ಸೆಟ್ 800 ಯೂರೊ ಆಸುಪಾಸು ಇತ್ತು, ಕಾರ್ಬನ್ ಸೆಟ್ 2,000 ದಾಟಿತ್ತು. ನಡುವಿನ ವ್ಯತ್ಯಾಸವೇ ರೂಪಾಯಿಯಲ್ಲಿ ಲಕ್ಷದ ಮೇಲೆ. ಮೂಲ್ಕಿಯ ಭಾವನಿಗೆ ಫೋನಿನಲ್ಲಿ ಹೇಳಿದರೆ, “ಅಷ್ಟಕ್ಕೆ ಇಲ್ಲಿ ಹೊಸ ಸ್ಕೂಟರೇ ಬರ್ತದೆ ಮಾರಾಯ” ಎಂದರು.

ಬೆಲೆಪಟ್ಟಿಯಲ್ಲಿ ಕಾಣದ ಒಂದು ವಿಷಯವಿದೆ. ಬೋರ್ಡಿಗೂ ಮಾಸ್ಟಿಗೂ ಇರುವ ಜೋಡಣೆ ಬಹುತೇಕ ಎಲ್ಲ ಕಂಪನಿಗಳದ್ದೂ ಒಂದೇ: 90 ಮಿ.ಮೀ. ಅಂತರದ ಎರಡು ಟ್ರ್ಯಾಕು, ನಾಲ್ಕು ಎಂ8 ಬೋಲ್ಟು. ಅದರಿಂದ ಕೆಳಗೆ ಮಾತ್ರ ಅವರವರದೇ ರಾಜ್ಯ. ಒಂದು ಕಂಪನಿಯ ಮಿಕ್ಸಿಗೆ ಇನ್ನೊಂದರ ಜಾರ್ ಕೂರದ ಹಾಗೆ, ಆರ್ಮ್‌ಸ್ಟ್ರಾಂಗ್ ರೆಕ್ಕೆ ಆಕ್ಸಿಸ್ ಫ್ಯೂಸಲಾಜ್‌ಗೆ ಕೂರುವುದಿಲ್ಲ. ಎರಡೂ ನ್ಯೂಜಿಲೆಂಡಿನ ಕಂಪನಿಗಳೇ ಆದರೂ ಅಷ್ಟೆ. ಹಾಗಾಗಿ ಮೊದಲ ಮಾಸ್ಟ್ ಕೊಂಡ ದಿನವೇ ಮುಂದಿನ ಎರಡು-ಮೂರು ರೆಕ್ಕೆ ಯಾರಿಂದ ಕೊಳ್ಳುತ್ತೀರಿ ಎಂಬುದೂ ತೀರ್ಮಾನವಾಗಿರುತ್ತದೆ.

ಮುಂದಿನ ರೆಕ್ಕೆ ಬೇಕೇ ಬೇಕಾಗುತ್ತದೆ. ರೆಕ್ಕೆ ಎತ್ತುವ ಬಲ ಅದರ ವಿಸ್ತೀರ್ಣಕ್ಕೆ ತಕ್ಕಂತೆ ಹೆಚ್ಚುತ್ತದೆ, ವೇಗಕ್ಕೆ ಮಾತ್ರ ವರ್ಗದ ಲೆಕ್ಕದಲ್ಲಿ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಕಲಿಯುವವರಿಗೆ ವೇಗವಿಲ್ಲ, ಆದ್ದರಿಂದ 1,800 ಚದರ ಸೆಂ.ಮೀ. ಆಸುಪಾಸಿನ ದೊಡ್ಡ ರೆಕ್ಕೆ ಬೇಕು. ಕಾಲು ನಿಂತು ವೇಗ ಬಂದ ಮೇಲೆ ಅದೇ ರೆಕ್ಕೆ ಬೇಡವೆಂದರೂ ಮೇಲಕ್ಕೆ ತಳ್ಳುತ್ತದೆ, ಮುಂಗಾಲಿನಿಂದ ಅದನ್ನು ಒತ್ತಿಹಿಡಿದು ತೊಡೆ ಸೋಲುತ್ತದೆ. ಆಗ 1,200ರ ರೆಕ್ಕೆಗೆ ಇಳಿಯಲೇಬೇಕು. ಕಲಿಕೆಯ ರೆಕ್ಕೆಯ ಆಯುಷ್ಯ ನಿಮ್ಮ ಕೈಯಲ್ಲಿ ಒಂದು ಸೀಸನ್, ತಪ್ಪಿದರೆ ಎರಡು.

ಈ ಸಂಖ್ಯೆಗಳನ್ನು ಹೋಲಿಸುವಾಗ ಎಚ್ಚರ ಬೇಕು. ಆರ್ಮ್‌ಸ್ಟ್ರಾಂಗ್ ತನ್ನ ರೆಕ್ಕೆಗಳಿಗೆ ವಿಸ್ತೀರ್ಣದ ಅಂಕಿ ಕೊಡುತ್ತದೆ, ಆಕ್ಸಿಸ್ ತುದಿಯಿಂದ ತುದಿಗಿರುವ ಅಗಲದ ಅಂಕಿ. ಎರಡರ ಮೇಲೂ ಸಾವಿರದ ಆಸುಪಾಸಿನ ಸಂಖ್ಯೆ ಇದ್ದರೆ ಅವು ಒಂದೇ ಅಳತೆಯವಲ್ಲ. ಅಗಲದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಬೇಕು. 100 ಸೆಂ.ಮೀ. ಅಗಲ, 1,250 ಚದರ ಸೆಂ.ಮೀ. ವಿಸ್ತೀರ್ಣ ಇದ್ದರೆ 8 ಬರುತ್ತದೆ. ಅಷ್ಟೇ ವಿಸ್ತೀರ್ಣ, 80 ಸೆಂ.ಮೀ. ಅಗಲವಾದರೆ 5 ಚಿಲ್ಲರೆ. ಮೊದಲನೆಯದು ಗಾಳಿ ಬಿಟ್ಟರೂ ತೇಲಿಕೊಂಡು ದೂರ ಸಾಗುತ್ತದೆ, ಆದರೆ ತಿರುಗಲು ತಡ. ಎರಡನೆಯದು ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಹೊಸಬರು ಐದರ ಹತ್ತಿರ ಇದ್ದರೆ ಸಾಕು. ಎಂಟು ದುಬಾರಿಯೂ ಹೌದು, ಬೀಳಿಸುವುದೂ ಹೌದು.

ನಾನು ಬಳಸಿದ ರೆಕ್ಕೆಯನ್ನೇ ಹುಡುಕಿದೆ. ಇಲ್ಲಿನ ಹಳೇ ಸಾಮಾನಿನ ಸಂತೆ ಎಂದರೆ ಮಾರ್ಕ್ಟ್‌ಪ್ಲಾಟ್ಸ್ ಎಂಬ ಜಾಲತಾಣ. ಹೋರ್ನ್ ಊರಿನ ಒಬ್ಬರ ಬಳಿ ಪೂರ್ತಿ ಸೆಟ್ ಇತ್ತು. ಅವರ ಗ್ಯಾರೇಜಿಗೆ ಹೋಗುವಾಗ ಜೇಬಿನಲ್ಲಿ ಟಾರ್ಕ್ಸ್ ಕೀಗಳನ್ನು ಇಟ್ಟುಕೊಂಡಿದ್ದೆ. “ಎಲ್ಲ ಸ್ಕ್ರೂ ಒಮ್ಮೆ ಬಿಚ್ಚಿ ನೋಡಬಹುದಾ?” ಎಂದರೆ ಬೇಸರಿಸಲಿಲ್ಲ, ಸ್ಟೂಲ್ ಎಳೆದು ಕೊಟ್ಟರು. ರೆಕ್ಕೆಯ ಸ್ಕ್ರೂಗಳು ಸಲೀಸಾಗಿ ಬಂದವು. ಮಾಸ್ಟಿನ ಬುಡಕ್ಕೆ ಬಂದಾಗ ಒಂದು ಸ್ಕ್ರೂ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸಂದಿನ ಸುತ್ತ ಸುಣ್ಣದಂಥ ಬಿಳಿ ಪುಡಿ. ಬ್ರೌವರ್ಸ್‌ಡಾಮ್‌ನ ಉಪ್ಪುನೀರಿನಲ್ಲಿ ಆಡಿ, ಬಿಚ್ಚದೆ ಹಾಗೇ ಇಟ್ಟಿದ್ದರಂತೆ. ಅಲ್ಯೂಮಿನಿಯಂ, ಸ್ಟೀಲ್ ಸ್ಕ್ರೂ, ಕಾರ್ಬನ್ ಒಂದಕ್ಕೊಂದು ತಾಗಿಕೊಂಡಿರುವಾಗ ಉಪ್ಪುನೀರು ನಡುವೆ ಸೇರಿದರೆ ಅದೊಂದು ಸಣ್ಣ ಬ್ಯಾಟರಿಯೇ ಆಗಿಬಿಡುತ್ತದೆ, ಅಲ್ಯೂಮಿನಿಯಂ ಸವೆಯುತ್ತದೆ. ಸ್ಕ್ರೂಗೆ ಟೆಫ್‌ಜೆಲ್‌ನಂಥ ಮುಲಾಮು ಹಚ್ಚಿ, ಆಡಿದ ಮೇಲೆ ಸಿಹಿನೀರಿನಲ್ಲಿ ತೊಳೆದಿದ್ದರೆ ಆ ಮಾಸ್ಟ್ ಉಳಿಯುತ್ತಿತ್ತು.

ಮಾಸ್ಟ್ ಬೇಡ, ಎರಡು ರೆಕ್ಕೆ ಸಾಕು ಎಂದೆ. 260 ಯೂರೊಗೆ ಒಪ್ಪಿದರು. ಅದೇ ಕಂಪನಿಯ ಅಲ್ಯೂಮಿನಿಯಂ ಮಾಸ್ಟ್, ಫ್ಯೂಸಲಾಜ್ ಅಂಗಡಿಯಿಂದ ಹೊಸದಾಗಿ ತಂದೆ, 430. ಒಟ್ಟು 690. ಮುಂದಿನ ವರ್ಷ ಆ ರೆಕ್ಕೆಗಳನ್ನು 210ಕ್ಕೆ ಮಾರಿದೆ. ಅಂದರೆ ನಾನು ಕಲಿತ ರೆಕ್ಕೆಯ ನಿಜವಾದ ಖರ್ಚು 50 ಯೂರೊ. ಹೊಸದಕ್ಕೆ 480 ಕೊಟ್ಟಿದ್ದರೆ ಮಾರುವಾಗ ನನಗೂ ಹೆಚ್ಚೆಂದರೆ ಹೋರ್ನ್‌ನವರಿಗೆ ಸಿಕ್ಕಷ್ಟೇ ಸಿಗುತ್ತಿತ್ತು. ರೆಕ್ಕೆಯ ಗಾಯ ಮೈಮೇಲೆ ಕಾಣುತ್ತದೆ, ಅಂಚು ಚಕ್ಕೆ ಎದ್ದಿದ್ದರೆ ಎಪಾಕ್ಸಿ ಮೆತ್ತಿ ಉಜ್ಜುಕಾಗದ ಹಿಡಿದರೆ ಮುಗಿಯಿತು. ಮಾಸ್ಟಿನ ರೋಗ ಸಂದಿನೊಳಗೆ ಇರುತ್ತದೆ. ಒಮ್ಮೆ ಅಲ್ಲಾಡಲು ಶುರುವಾದರೆ ರಿಪೇರಿಯಿಲ್ಲ. ಅದಕ್ಕೇ ರೆಕ್ಕೆ ಹಳೇದು, ಮಾಸ್ಟ್ ಹೊಸದು.

ಕಾರ್ಬನ್ ಬೇಡವೇ ಎಂದು ಕೇಳಬಹುದು. ಕಾರ್ಬನ್ ಎಂದಾಕ್ಷಣ ಬಿಗಿ ಎಂದುಕೊಳ್ಳುತ್ತೇವೆ. ಮಾಸ್ಟ್ ತಿರುಚಿಕೊಳ್ಳದೆ ನಿಲ್ಲುವುದು ನಾರಿನ ದರ್ಜೆ, ಹೆಣೆದ ರೀತಿ, ದಪ್ಪ ಇವನ್ನೆಲ್ಲ ಅವಲಂಬಿಸಿದೆ. ಅಗ್ಗದ ಕಾರ್ಬನ್ ಮಾಸ್ಟಿಗಿಂತ 19 ಮಿ.ಮೀ. ದಪ್ಪದ ಒಳ್ಳೆಯ ಅಲ್ಯೂಮಿನಿಯಂ ಮಾಸ್ಟ್ ಬಿಗಿಯಾಗಿರಬಹುದು. ತೂಕ ಹೆಚ್ಚು, ನೀರಿನ ಎಳೆತವೂ ಹೆಚ್ಚು, ನಿಜ. 82 ಕೆ.ಜಿ.ಯ ನಾನು ಐಮೇರ್ ಸರೋವರದಲ್ಲಿ ಆಡುವ ವೇಗಕ್ಕೆ ಆ ವ್ಯತ್ಯಾಸ ಸಾವಿರ ಯೂರೊ ಬಾಳುವುದಿಲ್ಲ. ಉದ್ದದ ವಿಷಯದಲ್ಲೂ ಮೋಹ ಬೇಡ. ಮೌಡರ್‌ಬರ್ಗ್ ದಡದಲ್ಲಿ ನೀರು ಆಳವಿಲ್ಲ, ಬೇಸಿಗೆಯಲ್ಲಿ ಜೊಂಡು ಬೇರೆ ಎದ್ದಿರುತ್ತದೆ. 75 ಸೆಂ.ಮೀ. ಮಾಸ್ಟ್ ಇಲ್ಲಿಗೆ ಲಾಯಕ್ಕು, 90 ನೆಲಕ್ಕೆ ತಾಗುತ್ತದೆ. ಅಲೆಯೇಳುವ ಸಮುದ್ರಕ್ಕೆ ಹೋಗುವವರ ಲೆಕ್ಕ ಬೇರೆ.

ದುಡ್ಡು ಉಳಿಸುವ ಇನ್ನೊಂದು ದಾರಿ ಫ್ರಾನ್ಸಿನ ಗಾಂಗ್ ತರಹ ಅಂಗಡಿ ಬಿಟ್ಟು ನೇರ ಮಾರುವವರು. ಬೆಲೆ ಕಡಿಮೆ, ಯುರೋಪಿಯನ್ ಒಕ್ಕೂಟದೊಳಗೇ ಆದ್ದರಿಂದ ಕಸ್ಟಮ್ಸ್ ಇಲ್ಲ, ಕಾನೂನಿನ ಎರಡು ವರ್ಷದ ಖಾತರಿಯೂ ಉಂಟು. ಬ್ರೆಕ್ಸಿಟ್ ಆದ ಮೇಲೆ ಇಂಗ್ಲೆಂಡಿನಿಂದ ತರಿಸಿದರೆ ಇಲ್ಲಿನ ಶೇ 21ರ ತೆರಿಗೆ ಬಾಗಿಲಲ್ಲಿ ಕಾಯುತ್ತಿರುತ್ತದೆ. ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ವಾಪಸು ಮಾಡುವ ಹಕ್ಕಿದೆ. ಆದರೆ ನೀರಿಗಿಳಿಸಿ ಗೀರು ಬಿದ್ದ ಫಾಯಿಲ್‌ಗೆ ಪೂರ್ತಿ ಹಣ ನಿರೀಕ್ಷಿಸಬೇಡಿ.

ಯಾವ ಕಂಪನಿ ಒಳ್ಳೇದು ಎಂದು ಕೇಳುವವರಿಗೆಲ್ಲ ನನ್ನದು ಒಂದೇ ಉತ್ತರ. ನೀವು ಆಡುವ ದಡಕ್ಕೆ ಒಂದು ಶನಿವಾರ ಹೋಗಿ ಯಾವ ಫಾಯಿಲ್ ಹೆಚ್ಚು ಕಾಣುತ್ತದೆ ನೋಡಿ, ಏಕೆಂದರೆ ನಾಳೆ ನಿಮ್ಮ ರೆಕ್ಕೆ ಕೊಳ್ಳುವವರೂ ನಿಮಗೆ ಮಾರುವವರೂ ಅವರೇ. ಆಮೇಲೆ ಆ ಕಂಪನಿಯ 1,200ರ ರೆಕ್ಕೆಗೆ ಹೊಸದರ ಬೆಲೆ ಎಷ್ಟು, ಹಳೇದರ ಬೆಲೆ ಎಷ್ಟು ಎಂದು ಬರೆದುಕೊಳ್ಳಿ. ಹಳೇದು ಎಲ್ಲೂ ಸಿಗುತ್ತಿಲ್ಲ ಎಂದಾದರೆ, ಎಷ್ಟೇ ರಿಯಾಯಿತಿ ಇರಲಿ, ಆ ಮಾಸ್ಟ್ ಕೊಳ್ಳಬೇಡಿ.