ಬೇಂದ್ರೆ ಜೈಲಿಗೆ ಹೋದದ್ದು ಕವಿತೆಗಾಗಿಯೇ?

ಪ್ರಶ್ನೆ: ನಮ್ಮ ಕಟ್ಟಡದಲ್ಲಿ ಮರಾಠಿಗರೇ ಹೆಚ್ಚು. ಬೇಂದ್ರೆಯವರ ಹೆಸರು ಹೇಳಿದರೆ ‘ಅವರು ನಮ್ಮವರು’ ಎನ್ನುತ್ತಾರೆ. ಕವಿತೆ ಬರೆದದ್ದಕ್ಕೆ ಅವರು ಜೈಲಿಗೆ ಹೋಗಿದ್ದರೆಂದು ನಮ್ಮ ತಂದೆ ಹೇಳುತ್ತಿದ್ದರು. ನಿಜವೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜ. ಆ ಕವಿತೆ ‘ನರಬಲಿ’. 1932ರಲ್ಲಿ ಪ್ರಕಟವಾದ ‘ಗರಿ’ ಸಂಕಲನದಲ್ಲಿದೆ. ಇದರಲ್ಲಿ ರಾಜದ್ರೋಹವಿದೆಯೆಂದು ಬ್ರಿಟಿಷ್ ಸರ್ಕಾರ ಬೇಂದ್ರೆಯವರನ್ನು ಬೆಳಗಾವಿ ಬಳಿಯ ಹಿಂಡಲಗಾ ಜೈಲಿಗೆ ಹಾಕಿತು. ಬಳಿಕ ಧಾರವಾಡದ ಹತ್ತಿರದ ಮುಗದ ಎಂಬ ಹಳ್ಳಿಯಲ್ಲಿ ನಜರಬಂದಿಯಲ್ಲಿಟ್ಟಿತು.

ಧಾರವಾಡ, ಬೆಳಗಾವಿ, ನಿಮ್ಮ ಠಾಣೆ ಎಲ್ಲವೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕವಿತೆಗೆ ಆ ಸರ್ಕಾರ ಹೆದರಿದ್ದು ಅದೇ ಮೊದಲಲ್ಲ. ಪದ್ಯಗಳ ಪುಸ್ತಕ ಅಚ್ಚು ಹಾಕಿಸಿದ್ದಕ್ಕೆ ನಾಸಿಕದ ಬಾಬಾರಾವ್ ಸಾವರ್ಕರರಿಗೆ 1909ರಲ್ಲಿ ಕರಿನೀರಿನ ಶಿಕ್ಷೆಯಾಗಿತ್ತು. ಅದರ ಸಿಟ್ಟಿಗೆ ಅನಂತ ಕಾನ್ಹೇರೆ ಎಂಬ ತರುಣ ಕಲೆಕ್ಟರ್ ಜ್ಯಾಕ್ಸನ್‌ನನ್ನು ಗುಂಡಿಕ್ಕಿ ಕೊಂದ. 1910ರ ಏಪ್ರಿಲ್ 19ರಂದು ಅವನನ್ನೂ ಇಬ್ಬರು ಸಂಗಾತಿಗಳನ್ನೂ ನೇಣಿಗೇರಿಸಿದ್ದು ಠಾಣೆಯ ಜೈಲಿನಲ್ಲೇ. ಈ ಹಿನ್ನೆಲೆ ಗೊತ್ತಿದ್ದರೆ, ಒಬ್ಬ ಶಾಲಾ ಮಾಸ್ತರರ ಕವಿತೆಗೆ ಸರ್ಕಾರ ಯಾಕೆ ಅಷ್ಟು ಬೆದರಿತೆಂಬುದು ತಿಳಿಯುತ್ತದೆ.

ಜೈಲಿಗಿಂತ ದೊಡ್ಡ ಶಿಕ್ಷೆ ಆಮೇಲೆ ಬಂತು ಎಂದು ನನಗನಿಸುತ್ತದೆ. ಸೆರೆಯಿಂದ ಬಂದವರಿಗೆ ವರ್ಷಗಟ್ಟಲೆ ಸ್ಥಿರವಾದ ನೌಕರಿ ಸಿಗಲಿಲ್ಲ. ಸಂಸಾರ ಹೊತ್ತ ಮನುಷ್ಯ. ಮನೆಯಲ್ಲಿ ಮಕ್ಕಳ ಸಾವಿನ ದುಃಖವೂ ಇತ್ತು. 1935ರಲ್ಲಿ ಎಂ.ಎ. ಮುಗಿಸಿದರು. ಮಾಸ್ತಿಯವರು ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವ ಕೊಟ್ಟು ಕೈಹಿಡಿದರು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾದ ಮೇಲೆಯೇ ಬದುಕು ಒಂದು ನೆಲೆಗೆ ಬಂದದ್ದು. ಇಷ್ಟಾದರೂ ಬರೆಯುವುದನ್ನು ಅವರು ನಿಲ್ಲಿಸಲಿಲ್ಲ. ‘ಸಖೀಗೀತ’, ‘ನಾದಲೀಲೆ’ ಬಂದದ್ದು ಆ ಕಷ್ಟದ ವರ್ಷಗಳಲ್ಲೇ.

ಅವರ ಸ್ವಾತಂತ್ರ್ಯದ ಕಲ್ಪನೆ ಬಿಳಿಯರನ್ನು ಓಡಿಸುವಲ್ಲಿಗೆ ಮುಗಿಯುತ್ತಿರಲಿಲ್ಲ. ‘ತುತ್ತಿನ ಚೀಲ’ ಓದಿ ನೋಡಿ, ಹಸಿದ ಹೊಟ್ಟೆಯೇ ಅಲ್ಲಿ ಎದ್ದು ನಿಲ್ಲುತ್ತದೆ. ‘ಕುರುಡು ಕಾಂಚಾಣ’ದಲ್ಲಿ ದುಡ್ಡಿನ ಕಾಲ ಕೆಳಗೆ ಸಿಕ್ಕವರ ಸಂಕಟವಿದೆ. ದೇಶವೆಂದರೆ ಅವರಿಗೆ ಮೊದಲು ಈ ಜನ. ಇನ್ನೊಂದು ಕವಿತೆಯಲ್ಲಿ ತಮಗೆ ಐವರು ತಾಯಂದಿರೆಂದು ಹೇಳಿಕೊಂಡಿದ್ದಾರೆ: ವಿಶ್ವ, ಭೂಮಿ, ಭಾರತ, ಕನ್ನಡ, ಕೊನೆಗೆ ಹೆತ್ತಮ್ಮ ಅಂಬಿಕೆ. ‘ಅಂಬಿಕಾತನಯದತ್ತ’ ಎಂಬ ಕಾವ್ಯನಾಮ ಹುಟ್ಟಿದ್ದೂ ಆ ಅಮ್ಮನಿಂದ. ಈ ಐವರಲ್ಲಿ ಒಬ್ಬರಿಗಾಗಿ ಇನ್ನೊಬ್ಬರನ್ನು ಬಿಡಬೇಕೆಂದು ಅವರು ಎಂದೂ ಬರೆಯಲಿಲ್ಲ. ಅವರ ದೇಶಭಕ್ತಿಯಲ್ಲಿ ನಾನು ಅತ್ಯಂತ ಗೌರವಿಸುವುದು ಇದನ್ನೇ.

ಇನ್ನು ನಿಮ್ಮ ನೆರೆಯವರ ಮಾತು. ಅದರಲ್ಲೂ ಸುಳ್ಳಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ, ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಮರಾಠಿಯಲ್ಲೂ ಪುಸ್ತಕ ಬರೆದಿದ್ದಾರೆ. 1981ರಲ್ಲಿ ಅವರು ಕೊನೆಯುಸಿರೆಳೆದದ್ದು ಮುಂಬಯಿಯಲ್ಲಿ. ಆದರೆ ಸೆರೆಮನೆಗೆ ಕಳಿಸಿದ ಕವಿತೆಯನ್ನು ಅವರು ಬರೆದದ್ದು ಕನ್ನಡದಲ್ಲಿ. ‘ಗರಿ’ ಈಗಲೂ ಓದಲು ಸಿಗುತ್ತದೆ. ‘ನರಬಲಿ’ಯನ್ನು ನೀವು ಮೊದಲು ಓದಿ, ಆಮೇಲೆ ಆ ನೆರೆಯವರಿಗೂ ಮರಾಠಿಯಲ್ಲಿ ಅದರ ಅರ್ಥ ಬಿಡಿಸಿ ಹೇಳಿ.