ಫೋನ್ ರೀಸೆಟ್ ಮಾಡುವ ಮುಂಚೆ

ನಿಂಬರ್ಗಾದಿಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಕಲಬುರಗಿಯ ಕಾಲೇಜಿಗೋ ಓದಲು ಹೋಗುವ ತಮ್ಮಂದಿರೇ, ತಂಗಿಯರೇ, ಕ್ಯಾಂಪಸ್ ವೈಫೈ ಸಿಗಲಿಲ್ಲವೆಂದು ಸಿಟ್ಟಿನಲ್ಲಿ ಇಡೀ ಫೋನನ್ನೇ ರೀಸೆಟ್ ಮಾಡಬೇಡಿ. ಫೋಟೊ, ನೋಟ್ಸು ಅಳಿಸಿಹೋದಾವು, ತೊಂದರೆ ಅಲ್ಲೇ ಉಳಿದೀತು.

ಮೊದಲು ಪಕ್ಕದವರಿಗೆ ಬರುತ್ತಿದೆಯೇ ಕೇಳಿ. ಸಿಗ್ನಲ್ ಇದ್ದೂ ಇಂಟರ್‌ನೆಟ್ ಇಲ್ಲವಾದರೆ ಬಹಳ ಸಲ ಲಾಗಿನ್ ಪುಟ ತೆರೆದಿರುವುದಿಲ್ಲ; ವಿಪಿಎನ್ ಆಫ್ ಮಾಡಿ, ದಿನಾಂಕ, ವೇಳೆ ಸರಿಯಿದೆಯೇ ನೋಡಿ. ಇನ್ನೊಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ: ಆಂಡ್ರಾಯ್ಡ್ 10ರಿಂದೀಚೆಗೆ ಫೋನುಗಳು ಸಾಮಾನ್ಯವಾಗಿ ತಮ್ಮ ನಿಜವಾದ ಮ್ಯಾಕ್ ವಿಳಾಸ (ನೆಟ್‌ವರ್ಕ್ ಫೋನನ್ನು ಗುರುತಿಸುವ ಸಂಖ್ಯೆ) ಮುಚ್ಚಿಟ್ಟು ಬೇರೊಂದನ್ನು ತೋರಿಸುತ್ತವೆ. ಫೋನಿನ ವಿಳಾಸ ನೋಂದಾಯಿಸಿಕೊಳ್ಳುವ ಕ್ಯಾಂಪಸ್‌ಗಳಲ್ಲಿ ಆ ಬೇರೆ ವಿಳಾಸ ತಾಳೆಯಾಗದೆ ವೈಫೈ ಸಿಗುವುದಿಲ್ಲ. ಆ ಒಂದು ನೆಟ್‌ವರ್ಕಿಗಷ್ಟೇ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಸ್ವಂತ ಮ್ಯಾಕ್ ಆಯ್ದುಕೊಳ್ಳಿ. ನಿಮ್ಮ ವೈಫೈ ಲಾಗಿನ್ ಪಾಸ್‌ವರ್ಡ್ ಮಾತ್ರ ಗೆಳೆಯರಿಗೂ ಕೊಡಬೇಡಿ. ಅವರು ಮಾಡಿದ್ದೆಲ್ಲ ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ.